ವಸಡಿನ ರಕ್ತ, ರಕ್ತದ ಸಕ್ಕರೆ

ನನ್ನ ತಂದೆಯವರ ಹಲ್ಲುಗಳು ಒಂದೊಂದಾಗಿ ಉದುರತೊಡಗಿದ್ದು ಅವರಿಗೆ ಐವತ್ತು ದಾಟಿದ ಮೇಲೆ. ಒಂದರಲ್ಲೂ ಹುಳುಕಿರಲಿಲ್ಲ. ಗಟ್ಟಿಮುಟ್ಟಾಗಿಯೇ ಇದ್ದ ಹಲ್ಲು ಒಂದು ದಿನ ಬೆರಳು ತಾಗಿದರೆ ಅಲುಗಾಡುತ್ತಿತ್ತು, ಕೆಲವು ತಿಂಗಳಲ್ಲಿ ಊಟದ ನಡುವೆ ತಾನಾಗಿಯೇ ಕೈಗೆ ಬರುತ್ತಿತ್ತು. ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಬಾಯಿ ಮುಕ್ಕಳಿಸುವ, ಜೇಬಿನಲ್ಲಿ ಮಿಸ್ವಾಕ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಡದ ಮನುಷ್ಯ ಅವರು. ವಸಡಿನಿಂದ ರಕ್ತ ಬರುವುದನ್ನು ಉಷ್ಣವೆಂದರು, ಹಲ್ಲು ಅಲುಗಾಡುವುದನ್ನು ವಯಸ್ಸೆಂದರು. ನಾವೂ ಒಪ್ಪಿಕೊಂಡೆವು. ಕೊನೆಗೆ ಊರಿನ ಶಾಲೆಯಲ್ಲಿ ನಡೆದ ದಂತ ತಪಾಸಣಾ ಶಿಬಿರವೊಂದರಲ್ಲಿ, ಇನ್ನೂ ಓದುತ್ತಿದ್ದ ಹುಡುಗಿಯೊಬ್ಬಳು ಅವರ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಅಂಕಲ್, ನಿಮಗೆ ಶುಗರ್ ಇದೆಯಾ?" ಎಂದು ಕೇಳಿದಳಂತೆ. "ಹಲ್ಲು ತೋರಿಸಲು ಹೋದರೆ ಶುಗರ್ ಕೇಳ್ತಾಳೆ" ಎಂದು ಮನೆಗೆ ಬಂದು ನಗುತ್ತಲೇ ಹೇಳಿದರು. ವಾರದ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ 300 ದಾಟಿತ್ತು.

ಆ ಹುಡುಗಿಯ ಪ್ರಶ್ನೆ ಇಂದು ದಂತವೈದ್ಯಕೀಯದ ಪಠ್ಯಪುಸ್ತಕದಲ್ಲಿದೆ. ಆದರೆ ಅದು ಅಲ್ಲಿಗೆ ಬಂದು ಸೇರಿದ ದಾರಿ ಬಹಳ ಸುತ್ತುಬಳಸಿನದು. ನಡುವೆ ಒಮ್ಮೆ ಆ ದಾರಿಯೇ ಮುಚ್ಚಿಹೋಗಿತ್ತು ಕೂಡ.

ಸಕ್ಕರೆ ಕಾಯಿಲೆಯೂ ವಸಡಿನ ಕಾಯಿಲೆಯೂ ಹೊಸವಲ್ಲ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ಆಯುರ್ವೇದ ಗ್ರಂಥಗಳು ಗಮನಿಸಿದ್ದವು. ಮಧುಮೇಹ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಸುಶ್ರುತ ಸಂಹಿತೆಯಲ್ಲಿ ಬಾಯಿಯ 65 ರೋಗಗಳ ಎಣಿಕೆಯಿದೆ. ಅವುಗಳಲ್ಲಿ 15 ಹಲ್ಲಿನ ಬುಡಕ್ಕೆ, ಅಂದರೆ ವಸಡಿಗೆ ಸೇರಿದವು. ರಕ್ತ, ಕೀವು ಸುರಿದು ಹಲ್ಲು ಸಡಿಲವಾಗುವ 'ದಂತವೇಷ್ಟ'ದ ವಿವರಣೆ ಓದಿದರೆ ನಾವು ಪಯೋರಿಯಾ ಎಂದು ಕರೆಯುವ ರೋಗ ಕಣ್ಣಮುಂದೆ ಬರುತ್ತದೆ. ಹಲ್ಲಿನ ಮೇಲೆ ಗಟ್ಟಿಗಟ್ಟುವ ಕೊಳೆಗೆ ಅಲ್ಲಿರುವ ಹೆಸರು 'ದಂತಶರ್ಕರಾ'. ಶರ್ಕರಾ ಎಂದರೆ ಮರಳುಕಲ್ಲು ಎಂದೂ ಅರ್ಥ, ಸಕ್ಕರೆ ಎಂದೂ ಅರ್ಥ. ಇಲ್ಲಿ ಮರಳುಕಲ್ಲೇ ಸರಿಯಾದ ಅರ್ಥವಾದರೂ, ನಮ್ಮ ಇಂದಿನ ವಿಷಯಕ್ಕೆ ಈ ಶ್ಲೇಷೆ ತಾನಾಗಿ ಒದಗಿ ಬಂದಂತಿದೆ.

ಹತ್ತನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಕುರ್ತುಬಾದಲ್ಲಿ, ಅಂದರೆ ಇಂದಿನ ಕಾರ್ಡೋಬಾದಲ್ಲಿ, ಶಸ್ತ್ರವೈದ್ಯ ಅಲ್ ಝಹ್ರಾವಿ (ಕ್ರಿ.ಶ. 936-1013) 30 ಭಾಗಗಳ 'ಕಿತಾಬುತ್ತಸ್ರೀಫ್' ಎಂಬ ಗ್ರಂಥ ರಚಿಸಿದರು. ಅದರ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಹಲ್ಲು ಕೆರೆಯುವ ಸಲಕರಣೆಗಳ ಸಾಲುಸಾಲು ಚಿತ್ರಗಳಿವೆ. ಹಲ್ಲಿನ ಒಳಗೂ ಹೊರಗೂ ವಸಡಿನ ನಡುವೆಯೂ ಕಪ್ಪು, ಹಳದಿ, ಹಸಿರು ಬಣ್ಣದ ಒರಟು ಪದರ ಕೂಡಿಕೊಳ್ಳುತ್ತದೆ, ಅದರಿಂದ ವಸಡು ಕೆಡುತ್ತದೆ ಎಂದು ಅವರು ಬರೆಯುತ್ತಾರೆ. ರೋಗಿಯನ್ನು ಎದುರು ಕೂರಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪದರವೆಲ್ಲ ಹೋಗುವ ತನಕ ಕೆರೆಯಬೇಕು. ಒಂದು ದಿನಕ್ಕೆ ಮುಗಿಯದಿದ್ದರೆ ಎರಡನೇ, ಮೂರನೇ, ನಾಲ್ಕನೇ ದಿನವೂ ಕರೆಸಿಕೊಳ್ಳಬೇಕು. ಇಂದು ಕ್ಲಿನಿಕ್ಕಿನಲ್ಲಿ 'ಕ್ಲೀನಿಂಗ್' ಎಂದು ಮಾಡುವ ಕೆಲಸದ ತಿರುಳು ಇದೇ. ಅದೇ ಕಾಲದ ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಸಕ್ಕರೆ ಕಾಯಿಲೆಯನ್ನೂ ವಿವರಿಸಿದ್ದಾರೆ, ವಸಡಿನ ರೋಗಗಳನ್ನೂ ವಿವರಿಸಿದ್ದಾರೆ.

ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ 'ಎಲ್ಲವನ್ನೂ ನಮ್ಮವರು ಅಂದೇ ಹೇಳಿದ್ದರು' ಎಂದು ಬರೆಯುವ ಉತ್ಸಾಹ ಬರುತ್ತದೆ. ಈ ಉತ್ಸಾಹ ಆಯುರ್ವೇದದ ಅಭಿಮಾನಿಗಳಿಗೂ ಇದೆ, ಯೂನಾನಿ ಅಭಿಮಾನಿಗಳಿಗೂ ಇದೆ. ಎರಡು ರೋಗಗಳನ್ನು ಒಂದೇ ಗ್ರಂಥದಲ್ಲಿ ಬರೆಯುವುದು ಬೇರೆ, ಒಂದು ಇನ್ನೊಂದನ್ನು ಕೆರಳಿಸುತ್ತದೆ ಎಂದು ತೋರಿಸಿಕೊಡುವುದು ಬೇರೆ. ಎರಡನೆಯ ಕೆಲಸದ ಕೀರ್ತಿಯನ್ನು ಆ ಹಿರಿಯರ ತಲೆಗೆ ಕಟ್ಟುವುದು ಅವರಿಗೆ ಮಾಡುವ ಗೌರವವಲ್ಲ. ಅವರಿಂದ ಕಲಿಯಬೇಕಾದದ್ದು ಇನ್ನೊಂದಿದೆ: ಹಲ್ಲು ನೋಡುವವನೂ ಮೂತ್ರ ನೋಡುವವನೂ ಒಬ್ಬನೇ ಹಕೀಮನಾಗಿದ್ದ. ಅವರ ಕಣ್ಣಿಗೆ ಬಾಯಿ ದೇಹದಿಂದ ಹೊರಗಿರಲಿಲ್ಲ.

ಹೊರಗೆ ಹೋದದ್ದು ಯಾವಾಗ? ಯುರೋಪಿನಲ್ಲಿ ಹಲ್ಲು ಕೀಳುವ ಕೆಲಸ ಬಹುಕಾಲ ಕ್ಷೌರಿಕರ, ಸಂತೆಯಲ್ಲಿ ಕೂತವರ ಪಾಲಿಗಿತ್ತು. 1728ರಲ್ಲಿ ಪ್ಯಾರಿಸಿನ ಪಿಯರ್ ಫೋಶಾರ್ ದಂತಚಿಕಿತ್ಸೆಯ ಬಗ್ಗೆ ದೊಡ್ಡ ಗ್ರಂಥ ಬರೆದು ಅದಕ್ಕೊಂದು ಶಾಸ್ತ್ರದ ಸ್ಥಾನ ಕೊಟ್ಟರು. ಅಮೆರಿಕದ ಬಾಲ್ಟಿಮೋರಿನಲ್ಲಿ 1840ರಲ್ಲಿ ಹೊರೇಸ್ ಹೇಡನ್ ಮತ್ತು ಚೇಪಿನ್ ಹ್ಯಾರಿಸ್ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ತೆರೆದರು. ವೈದ್ಯಕೀಯ ಕಾಲೇಜಿನವರು ಹಲ್ಲಿನ ಪಾಠವನ್ನು ತಮ್ಮೊಳಗೆ ಸೇರಿಸಿಕೊಳ್ಳಲು ಒಪ್ಪದ ಕಾರಣ ಇವರು ಬೇರೆ ಮನೆ ಹೂಡಬೇಕಾಯಿತು ಎಂಬ ಕಥೆ ಪ್ರಸಿದ್ಧ. ಆ ಕಥೆ ಎಷ್ಟು ನಿಜವೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಫಲವಂತೂ ನಿಜ. ಅಂದಿನಿಂದ ಹಲ್ಲಿಗೆ ಒಂದು ಕಾಲೇಜು, ಉಳಿದ ದೇಹಕ್ಕೆ ಇನ್ನೊಂದು.

ಈ ವಿಭಜನೆಯಿಂದ ಹಲ್ಲಿಗೆ ಲಾಭವೇ ಆಯಿತು, ಅದನ್ನು ಅಲ್ಲಗಳೆಯಲಾಗದು. ನಷ್ಟವಾದದ್ದು ವಸಡಿಗೆ, ಏಕೆಂದರೆ ವಸಡು ಗಡಿಯ ಮೇಲೆ ಇದೆ. ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ ಜಾನ್ ರಿಗ್ಸ್ 1876ರಲ್ಲಿ ವಸಡಿನ ಕೀವು ರೋಗದ ಬಗ್ಗೆ ಬರೆದು, ಹಲ್ಲಿನ ಮೇಲಿನ ಕೊಳೆಯೇ ಇದರ ಮೂಲ, ಕೊಳೆ ತೆಗೆದರೆ ರೋಗ ಹೋಗುತ್ತದೆ ಎಂದು ಸಾರಿದರು. ಆ ರೋಗಕ್ಕೆ ಬಹುಕಾಲ 'ರಿಗ್ಸ್ ರೋಗ' ಎಂದೇ ಹೆಸರಿತ್ತು. ಇನ್ನೊಂದು ಪಂಗಡದವರು, ಇಲ್ಲ, ಇದು ದೇಹದೊಳಗಿನ ಕೆಡುಕಿನ ಹೊರಗುರುತು ಎನ್ನುತ್ತಿದ್ದರು. ಸಕ್ಕರೆ ರೋಗಿಗಳ ಹಲ್ಲು ಅಲುಗಾಡುವುದನ್ನು ಆ ಕಾಲದ ಯುರೋಪಿನ ವೈದ್ಯರು ಕಂಡಿದ್ದರು, ಬರೆದೂ ಇದ್ದರು. ಕೊಳೆಯೋ, ದೇಹವೋ ಎಂದು ಎರಡು ಪಂಗಡಗಳು ಜಗಳವಾಡಿದವು. ಎರಡೂ ಇರಬಹುದು ಎಂದು ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಅನಾಹುತವೇ ನಡೆಯಿತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ, ಬಾಯಿಯ ಕೀವೇ ದೇಹದ ಹಲವು ರೋಗಗಳ ಬೇರು ಎಂದು ಬರೆದರು. 1910ರಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಭಾಷಣ ಮಾಡಿ, ಕೊಳೆತ ಬೇರುಗಳ ಮೇಲೆ ಚಿನ್ನದ ಟೋಪಿ ಕೂರಿಸುವ ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡರು. ಅವರ ಮಾತಿನಲ್ಲಿ ಸತ್ಯದ ಅಂಶವಿತ್ತು. ಆದರೆ ಶಿಷ್ಯರು ಗುರುವನ್ನು ಮೀರಿಸಿದರು. ಸಂಧಿವಾತಕ್ಕೆ ಹಲ್ಲು ಕೀಳು, ಹೊಟ್ಟೆನೋವಿಗೆ ಹಲ್ಲು ಕೀಳು ಎಂಬಲ್ಲಿಗೆ ಬಂತು. ಅಮೆರಿಕದ ಟ್ರೆಂಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ ಹುಚ್ಚು ಬಿಡಿಸಲೆಂದು ರೋಗಿಗಳ ಹಲ್ಲುಗಳನ್ನು ಕೀಳಿಸಿದ. ಅದರಿಂದ ಗುಣವಾಗದಿದ್ದಾಗ ಹೊಟ್ಟೆಯ ಅಂಗಗಳಿಗೂ ಕೈಹಾಕಿದ, ಜೀವಗಳೇ ಹೋದವು. ಲಕ್ಷಾಂತರ ಜನ ಆರೋಗ್ಯವಂತ ಹಲ್ಲುಗಳನ್ನು ಕಳೆದುಕೊಂಡ ಮೇಲೆ, 1930ರ ದಶಕದ ಹೊತ್ತಿಗೆ, ಹೀಗೆ ಕಿತ್ತದ್ದರಿಂದ ರೋಗಿಗಳಿಗೆ ಹೇಳಿಕೊಳ್ಳುವ ಪ್ರಯೋಜನವಾಗಿಲ್ಲ ಎಂಬುದು ಲೆಕ್ಕಕ್ಕೆ ಸಿಕ್ಕಿತು. ನಾಚಿಕೆಯಿಂದ ವೈದ್ಯಲೋಕ ಇಡೀ ವಿಷಯವನ್ನೇ ಕೈಬಿಟ್ಟಿತು. ಬಾಯಿಗೂ ದೇಹಕ್ಕೂ ನಂಟಿದೆ ಎನ್ನುವವನನ್ನು ನಂತರದ ಕೆಲವು ದಶಕ ಅನುಮಾನದಿಂದಲೇ ನೋಡಲಾಯಿತು. ದಾರಿ ಮುಚ್ಚಿಹೋಗಿತ್ತು ಎಂದದ್ದು ಇದನ್ನೇ.

ಇದೇ ಕಾಲದಲ್ಲಿ ಸಕ್ಕರೆ ಕಾಯಿಲೆಯ ಕಡೆ ಒಂದು ಪವಾಡ ನಡೆದಿತ್ತು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದು ಮೊದಲ ಬಾರಿಗೆ ರೋಗಿಯೊಬ್ಬನ ದೇಹ ಸೇರಿತು. ಅಲ್ಲಿಯವರೆಗೆ ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದವರು ಬದುಕತೊಡಗಿದರು. ಬದುಕಿದವರಲ್ಲಿ, ಮೊದಲು ಕಾಣಿಸಿಕೊಳ್ಳಲು ಸಮಯವೇ ಸಿಗದಿದ್ದ ತೊಂದರೆಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ತಲೆಯೆತ್ತಿದವು: ಕಣ್ಣು, ಮೂತ್ರಪಿಂಡ, ನರ, ದೊಡ್ಡ ರಕ್ತನಾಳ, ಮಾಯದ ಗಾಯ. ಈ ಐದರ ಪಟ್ಟಿಯಲ್ಲಿ ವಸಡಿಗೆ ಜಾಗವಿರಲಿಲ್ಲ.

ಆ ಜಾಗ ಸಿಕ್ಕಿದ್ದು ಎಲ್ಲಿಂದ ಎಂಬ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕಾದದ್ದು. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಹಿಲಾ ಎಂಬ ನದಿಯ ದಂಡೆಯಲ್ಲಿ ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು 'ನದಿಯ ಜನ' ಎಂದು ಕರೆದುಕೊಳ್ಳುತ್ತಾರೆ. ಕಾಲುವೆ ತೋಡಿ ಜೋಳ, ಅವರೆ, ಕುಂಬಳ ಬೆಳೆದು ಬದುಕಿದ್ದ ಕೃಷಿಕರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೇಲ್ದಂಡೆಗೆ ಬಂದು ನೆಲೆಸಿದ ಬಿಳಿಯರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ನದಿ ಬತ್ತಿತು, ನದಿಯ ಜನ ಹಸಿದರು. ಸರ್ಕಾರ ಕೊಟ್ಟ ಪಡಿತರ ಬಿಳಿ ಹಿಟ್ಟು, ಸಕ್ಕರೆ, ಹಂದಿಕೊಬ್ಬು. ಇಪ್ಪತ್ತನೇ ಶತಮಾನದ ಮಧ್ಯಭಾಗ ದಾಟುವಷ್ಟರಲ್ಲಿ ಅವರಲ್ಲಿ ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದಾಗಿತ್ತು. ರಕ್ತ ಒಂದೇ ಆದರೂ ಗಡಿಯಾಚೆ ಮೆಕ್ಸಿಕೋದ ಗುಡ್ಡಗಳಲ್ಲಿ ಹಳೆಯ ಬದುಕನ್ನೇ ಬದುಕುತ್ತಿದ್ದ ಪೀಮಾಗಳಲ್ಲಿ ಈ ರೋಗ ಎಷ್ಟೋ ಪಾಲು ಕಡಿಮೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ರೋಗಕ್ಕೆ ಇವರ ವಂಶವೇ ಕಾರಣ ಎಂದು ಷರಾ ಬರೆದು ಕೈತೊಳೆದುಕೊಳ್ಳುವಂತಿರಲಿಲ್ಲ.

1965ರಿಂದ ಅಮೆರಿಕ ಸರ್ಕಾರದ ಸಂಶೋಧಕರು ಈ ಜನರನ್ನು ಎರಡೆರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾ ಬಂದರು. 1980ರ ದಶಕದಲ್ಲಿ ಆ ತಪಾಸಣೆಗೆ ಹಲ್ಲು, ವಸಡೂ ಸೇರಿಕೊಂಡವು. 1990 ಮತ್ತು 1991ರಲ್ಲಿ ಪ್ರಕಟವಾದ ಫಲಿತಾಂಶ ಕಣ್ತೆರೆಸುವಂತಿತ್ತು. ಸಕ್ಕರೆ ಕಾಯಿಲೆ ಇಲ್ಲದವರಿಗಿಂತ ಇರುವವರಲ್ಲಿ ವಸಡಿನ ಕಾಯಿಲೆಯ ಅಪಾಯ ಎರಡೂವರೆಯಿಂದ ಮೂರು ಪಟ್ಟು. ಬಾಯಿಯ ಕೊಳೆಯ ಲೆಕ್ಕವನ್ನು ಬದಿಗಿಟ್ಟು ನೋಡಿದರೂ ನಂಟು ಅಳಿಯಲಿಲ್ಲ. 1993ರಲ್ಲಿ ನಾರ್ವೆ ಮೂಲದ ದಂತವಿಜ್ಞಾನಿ ಹಾರಾಲ್ಡ್ ಲೋ, ವಸಡಿನ ಕಾಯಿಲೆಯೇ ಸಕ್ಕರೆ ಕಾಯಿಲೆಯ ಆರನೆಯ ತೊಡಕು ಎಂದು ಬರೆದರು. ಈ ಲೇಖನ ಬಂದದ್ದು ಹಲ್ಲಿನ ಪತ್ರಿಕೆಯಲ್ಲಲ್ಲ, ಸಕ್ಕರೆ ಕಾಯಿಲೆಯ ವೈದ್ಯರು ಓದುವ ಪತ್ರಿಕೆಯಲ್ಲಿ. ಇದೇ ಲೋ 1965ರಲ್ಲಿ ಡೆನ್ಮಾರ್ಕಿನಲ್ಲಿ ಒಂದಷ್ಟು ಯುವಕರನ್ನು ಹಲ್ಲುಜ್ಜದಂತೆ ತಡೆದು, ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಳ್ಳುವುದನ್ನು ತೋರಿಸಿದ್ದರು. ಕೊಳೆಯೇ ಕಾರಣವೆಂದು ಅಲುಗದಂತೆ ಸಾಬೀತು ಮಾಡಿದ್ದ ವ್ಯಕ್ತಿಯೇ ದೇಹವೂ ಕಾರಣ ಎಂದರು. ರಿಗ್ಸ್ ಕಾಲದ ಜಗಳ ಅಲ್ಲಿಗೆ ಮುಗಿಯಿತು ಎನ್ನಬಹುದು.

ಪೀಮಾಗಳ ದಾಖಲೆ ಇನ್ನೂ ಒಂದು ಕಠೋರ ಸಂಗತಿ ಹೇಳಿತು. ಸಕ್ಕರೆ ಕಾಯಿಲೆಯಿದ್ದ 628 ಜನರನ್ನು ಸುಮಾರು 11 ವರ್ಷ ಹಿಂಬಾಲಿಸಿದ 2005ರ ವರದಿಯ ಪ್ರಕಾರ, ವಸಡಿನ ಕಾಯಿಲೆ ತೀವ್ರವಾಗಿದ್ದವರಲ್ಲಿ ಹೃದಯ ಮತ್ತು ಮೂತ್ರಪಿಂಡದ ರೋಗದಿಂದಾದ ಸಾವು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ನೀರು ಕಳೆದುಕೊಂಡ ಒಂದು ಸಮುದಾಯದ ಬಾಯಿಯನ್ನು ಎಣಿಸಿ ಬಂದ ಜ್ಞಾನ ಇದು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ದಂತವೈದ್ಯರು ರೋಗಿಗೆ ಶುಗರ್ ಇದೆಯೇ ಎಂದು ಕೇಳಿದರೂ ಆ ಪ್ರಶ್ನೆಯ ಹಿಂದೆ ಆ ಬತ್ತಿದ ನದಿಯೂ ಇದೆ.

ಒಳಗೆ ನಡೆಯುವುದೇನು? ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಅದು ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕಾವಲಿಯ ಮೇಲೆ ರೊಟ್ಟಿ ಕಂದುಬಣ್ಣಕ್ಕೆ ತಿರುಗುವುದೂ ಸುಮಾರಾಗಿ ಇದೇ ಬಗೆಯ ಕ್ರಿಯೆ. ಹೀಗೆ ಸಕ್ಕರೆ ಮೆತ್ತಿದ ಪ್ರೋಟೀನುಗಳು ವಸಡಿನ ಜೀವಕೋಶಗಳನ್ನು ಕೆರಳಿಸುತ್ತವೆ. ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿದಿರುವ ನಾರುಗಳು ಹೊಸದಾಗಿ ಹುಟ್ಟುವುದಕ್ಕಿಂತ ಬೇಗ ಸವೆಯುತ್ತವೆ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತಮ್ಮ ಕೆಲಸ ಸರಿಯಾಗಿ ಮಾಡುವುದಿಲ್ಲ, ಆದರೆ ಉರಿಯನ್ನು ಮಾತ್ರ ಹೆಚ್ಚಿಸುತ್ತವೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುವುದೂ ಸೇರಿಕೊಂಡರೆ ಕೊಳೆಗೆ ಹಬ್ಬ. ಅಂದರೆ ಇಬ್ಬರ ಬಾಯಿಯಲ್ಲಿ ಕೊಳೆ ಒಂದೇ ಅಳತೆಯಲ್ಲಿದ್ದರೂ, ಸಕ್ಕರೆ ಹತೋಟಿಯಲ್ಲಿಲ್ಲದವರ ವಸಡು ಹೆಚ್ಚು ನಷ್ಟ ಅನುಭವಿಸುತ್ತದೆ.

ತಿರುಗು ದಾರಿಯೂ ಇದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಉಂಟಾಗುವ ಸಂದುಗಳ ಒಳಮೈ ಒಂದು ತೆರೆದ ಹುಣ್ಣಿನಂತೆ. ಬಾಯಿಯ ಎಲ್ಲ ಸಂದುಗಳನ್ನೂ ಬಿಡಿಸಿ ಹರಡಿದರೆ ಅದು 8ರಿಂದ 20 ಚದರ ಸೆಂಟಿಮೀಟರ್ ಆದೀತೆಂದು ಒಂದು ಅಂದಾಜಿದೆ. ಕಾಲಿನಲ್ಲಿ ಅಷ್ಟಗಲದ ಹುಣ್ಣಿದ್ದರೆ ಯಾವ ಸಕ್ಕರೆ ರೋಗಿಯೂ ಸುಮ್ಮನೆ ಕೂರುವುದಿಲ್ಲ. ಆ ಹುಣ್ಣಿನಿಂದ ಹೊರಟ ಉರಿಯೂತದ ರಾಸಾಯನಿಕಗಳು ರಕ್ತ ಸೇರಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಏರಿಸುತ್ತದೆ.

ಹಾಗಾದರೆ ವಸಡಿಗೆ ಚಿಕಿತ್ಸೆ ಮಾಡಿದರೆ ಸಕ್ಕರೆ ಇಳಿಯಬೇಕಲ್ಲವೇ? ಇದನ್ನು ಅಳೆಯಲು ಒಂದು ಅಳತೆಗೋಲು ಬೇಕಿತ್ತು. ಆ ದಿನದ ಸಕ್ಕರೆ ಹೇಳಿದರೆ ಸಾಲದು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಬೇಕು. ಈಗ ಪ್ರತಿ ಲ್ಯಾಬಿನ ಚೀಟಿಯಲ್ಲಿ ಕಾಣುವ ಎಚ್‌ಬಿಎ1ಸಿ ಅದೇ. ಸಕ್ಕರೆ ರೋಗಿಗಳಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1968ರಲ್ಲಿ ಕಂಡುಕೊಂಡವರು ತೆಹರಾನ್ ವಿಶ್ವವಿದ್ಯಾಲಯದಲ್ಲಿದ್ದ ಸಾಮ್ಯುಯೆಲ್ ರಹಬರ್, ಇರಾನಿನ ಯಹೂದಿ. ಅವರ ಹುಟ್ಟೂರು ಹಮದಾನ್. ಇಬ್ನ್ ಸೀನಾರ ಸಮಾಧಿ ಇರುವುದೂ ಅದೇ ಊರಿನಲ್ಲಿ. ಇದು ಕಾಕತಾಳೀಯವೇ ಸರಿ, ಆದರೂ ಬರೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮೊದಲ ಉತ್ತರ ನಿರಾಶೆಯದಾಗಿತ್ತು. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 514 ರೋಗಿಗಳಿದ್ದರು. ಆರು ತಿಂಗಳಾದರೂ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ವಸಡಿನ ಚಿಕಿತ್ಸೆಯೇ ಅರೆಬರೆಯಾಗಿತ್ತು, ಚಿಕಿತ್ಸೆಯ ನಂತರವೂ ವಸಡು ರಕ್ತ ಸುರಿಸುತ್ತಿತ್ತು ಎಂದು ಹಲವರು ಆಕ್ಷೇಪ ಎತ್ತಿದರು. 2018ರಲ್ಲಿ ಲಂಡನ್ನಿನಲ್ಲಿ 264 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಚಿಕಿತ್ಸೆಯನ್ನು ಕೂಲಂಕಷವಾಗಿ ಮಾಡಿ, ವರ್ಷವಿಡೀ ಮುಂದುವರಿಸಲಾಯಿತು. 12 ತಿಂಗಳ ಕೊನೆಗೆ ಅವರ ಎಚ್‌ಬಿಎ1ಸಿ ಇನ್ನೊಂದು ಗುಂಪಿಗಿಂತ 0.6ರಷ್ಟು ಕಡಿಮೆಯಿತ್ತು. 35 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2022ರ ಕಾಕ್ರೇನ್ ಪರಿಶೀಲನೆಯಲ್ಲಿ ಈ ಇಳಿಕೆ ಮೂರು ನಾಲ್ಕು ತಿಂಗಳಿಗೆ 0.43, ವರ್ಷಕ್ಕೆ 0.5. ಸಣ್ಣ ಅಂಕಿಯಂತೆ ಕಾಣುತ್ತದೆ. ಆದರೆ ಎರಡನೆಯ ಮಾತ್ರೆಯೊಂದನ್ನು ಸೇರಿಸಿದಾಗ ಸಿಗುವ ಫಲವೂ ಹಲವು ಬಾರಿ ಇದರ ಆಸುಪಾಸಿನದೇ. ವಸಡಿನ ಕಾಯಿಲೆಯ ಗತಿಯನ್ನು ಅಂದಾಜಿಸುವ ಅಂತಾರಾಷ್ಟ್ರೀಯ ವರ್ಗೀಕರಣವನ್ನು 2017ರಲ್ಲಿ ಹೊಸದಾಗಿ ರೂಪಿಸಿದಾಗ ಎಚ್‌ಬಿಎ1ಸಿ 7 ಎಂಬ ಗೆರೆ ಅದರೊಳಗೆ ಬಂತು. ವೈದ್ಯರ ಚೀಟಿಯ ಅಂಕಿ ದಂತವೈದ್ಯರ ಪುಸ್ತಕ ಸೇರಲು ಅಷ್ಟು ವರ್ಷ ಬೇಕಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತಾದಲ್ಲಿ ತೆರೆದವರು ಡಾ. ರಫೀಉದ್ದೀನ್ ಅಹ್ಮದ್. ಅಮೆರಿಕದ ಅಯೋವಾದಲ್ಲಿ ಓದಿ ಬಂದವರು. ಕಾಲೇಜು ನಡೆಸಲು ಹಣವಿಲ್ಲದಾಗ ಅವರು ಕಂಡುಕೊಂಡ ಉಪಾಯ 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ಅಂಗಡಿ. ಸಿಹಿ ಪಾನೀಯ ಮಾರಿದ ಹಣದಿಂದ ಹಲ್ಲಿನ ಕಾಲೇಜು! ಇಂದಿನ ದಂತವೈದ್ಯರು ಈ ಮಾತಿಗೆ ನಕ್ಕಾರು. ಆದರೆ ಸರ್ಕಾರವಾಗಲಿ ಸಿರಿವಂತರಾಗಲಿ ಹಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲದಲ್ಲಿ ಆ ಮನುಷ್ಯ ಹಟ ಹಿಡಿದು ಕಟ್ಟಿದ್ದನ್ನು 1949ರಲ್ಲಿ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1964ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ತೀರಿಕೊಂಡರು. ಕಾಲೇಜಿಗೆ ಈಗ ಅವರದೇ ಹೆಸರು. ದಂತವೈದ್ಯರಿಗೆ ಕಾನೂನಿನ ಮನ್ನಣೆ ಸಿಗಬೇಕೆಂದು ಅವರು ದುಡಿದರು. 1948ರಲ್ಲಿ ಅದು ಕಾಯ್ದೆಯಾಯಿತು, ದಂತವೈದ್ಯರಿಗೆ ಪ್ರತ್ಯೇಕ ಪರಿಷತ್ತು ಬಂತು. ವೃತ್ತಿಗೆ ಗೌರವ ಬಂತು, ಜೊತೆಗೆ ಬಾಲ್ಟಿಮೋರಿನ ಗೋಡೆಯೂ ಬಂತು.

ಆ ಗೋಡೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುತ್ತದೆ. ಐಸಿಎಂಆರ್ ನೆರವಿನ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10 ಕೋಟಿ. ಇವರಲ್ಲಿ ಎಷ್ಟೋ ಮಂದಿ ತಿಂಗಳು ತಿಂಗಳು ವೈದ್ಯರ ಮುಂದೆ ಕೂರುತ್ತಾರೆ. ಪಾದ ನೋಡುತ್ತಾರೆ, ಕಣ್ಣಿಗೆ ಬರೆದು ಕೊಡುತ್ತಾರೆ. ಬಾಯಿ ತೆರೆಯಲು ಹೇಳುವವರು ಅಪರೂಪ. ವೈದ್ಯರನ್ನೇ ದೂರಿ ಫಲವಿಲ್ಲ. ಅವರು ಓದಿದ ಕಾಲೇಜಿನಲ್ಲಿ ಬಾಯಿ ಬೇರೆಯವರ ಪಾಲಿಗೆ ಹೋಗಿತ್ತು. ಇತ್ತ ರೋಗಿಗೂ ವಸಡಿನ ರಕ್ತ ರೋಗವೆಂದು ಅನಿಸುವುದಿಲ್ಲ, ಏಕೆಂದರೆ ನೋವಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ರಕ್ತವೂ ಅಷ್ಟಾಗಿ ಕಾಣುವುದಿಲ್ಲ. ತಂಬಾಕು ವಸಡಿನ ರಕ್ತಸ್ರಾವವನ್ನು ಮರೆಮಾಚಿ ಒಳಗಿನ ನಾಶವನ್ನು ಹೆಚ್ಚಿಸುತ್ತದೆ.

ಮಿಸ್ವಾಕಿನ ಮಾತು ಬಿಟ್ಟರೆ ನಮ್ಮ ಓದುಗರು ಒಪ್ಪಲಾರರು. ಅರಾಕ್ ಮರದ ಬೇರಿನಿಂದ ಹಲ್ಲುಜ್ಜುವುದು ಪ್ರವಾದಿವರ್ಯರ(ಸ) ಚರ್ಯೆ. ಅದನ್ನು ಸರಿಯಾಗಿ ಬಳಸಿದರೆ ಕೊಳೆ ಹೋಗುತ್ತದೆ ಎಂಬುದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಆದರೆ ಅದು ಸರ್ವರೋಗಕ್ಕೂ ಮದ್ದೆಂದು ಬರೆಯುವವರು ಒಂದು ಸಂಗತಿ ಮರೆಯುತ್ತಾರೆ. ಈಗಾಗಲೇ ವಸಡು ಬಿಟ್ಟುಕೊಂಡು ಆಳವಾದ ಸಂದಿನೊಳಗೆ ಮಿಸ್ವಾಕಿನ ನಾರೂ ಹೋಗುವುದಿಲ್ಲ, ಬ್ರಷ್ಷಿನ ಕೂದಲೂ ಹೋಗುವುದಿಲ್ಲ. ಅಲ್ಲಿಗೆ ಅಲ್ ಝಹ್ರಾವಿಯವರ ಸಲಕರಣೆಯೇ ಬೇಕು. ಹಲ್ಲು ಕೆರೆಸಿದರೆ ಸಡಿಲವಾಗುತ್ತದೆ ಎಂದು ಹೆದರಿ ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಸಡಿಲವಾಗಿದ್ದ ಹಲ್ಲಿಗೆ ಕೊಳೆಯೇ ಆಸರೆಯಾಗಿ ನಿಂತಿರುತ್ತದೆ, ತೆಗೆದಾಗ ಗೊತ್ತಾಗುತ್ತದೆ, ಅಷ್ಟೇ.

ನನ್ನ ತಂದೆಯವರಿಗೆ ಗೊತ್ತಾಗುವಾಗ ಬಾಯಲ್ಲಿ ಉಳಿದಿದ್ದದ್ದು ಹನ್ನೊಂದು ಹಲ್ಲು. ಮಾತ್ರೆ ಆರಂಭವಾಗಿ, ವಸಡಿನ ಚಿಕಿತ್ಸೆಯೂ ಆದ ಮೇಲೆ ಅವುಗಳಲ್ಲಿ ಒಂಬತ್ತು ಕೊನೆಯ ತನಕ ಉಳಿದವು. ಅವರ ಶುಗರ್ ಫೈಲು ಈಗಲೂ ಕಪಾಟಿನಲ್ಲಿದೆ. ಕಣ್ಣಿನ ವರದಿ, ಮೂತ್ರದ ವರದಿ, ಇಸಿಜಿ, ಪಾದದ ಚಿತ್ರ, ಹದಿನಾಲ್ಕು ವರ್ಷದ ಚೀಟಿಗಳು. ಹಲ್ಲಿನ ಬಗ್ಗೆ ಅದರಲ್ಲಿ ಇರುವುದು ಒಂದೇ ಒಂದು ಕಾಗದ. ಶಿಬಿರದ ಆ ಹುಡುಗಿ ರಕ್ತ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟ ಎರಡು ಸಾಲಿನ ಚೀಟಿ. ಅದು ಫೈಲಿನ ಎಲ್ಲಕ್ಕಿಂತ ಅಡಿಯಲ್ಲಿದೆ.